ಗುಟ್ಟಾಗಿ ಚಟ ಬಿಡಿಸ್ತೀವಿ ಅನ್ನೋರ ಕೈಗೆ ನಿಮ್ಮ ಹುಡುಗನನ್ನು ಕೊಡಬೇಡಿ

ಹೋದ ವಾರ ನಮ್ಮ ಟೇಲರಿಂಗ್ ಅಂಗಡಿಗೆ ಒಬ್ಬ ತಾಯಿ ಬಂದಿದ್ದರು. ಕುಪ್ಪಸದ ಅಳತೆ ಕೊಡುತ್ತಾ ಕೊಡುತ್ತಾ ಕಣ್ಣೀರು ಹಾಕಿದರು. ಮಗ ಏನೋ ಚಟಕ್ಕೆ ಬಿದ್ದಿದ್ದಾನೆ, ಒಂದು ಕೇಂದ್ರಕ್ಕೆ ಹಾಕಬೇಕು ಅಂತ ಮಾಡಿದ್ದೇವೆ ಅಂದರು. "ಯಾರಿಗೂ ಗೊತ್ತಾಗಂಗಿಲ್ಲಂತ್ರಿ ಅಕ್ಕಾರ. ರಾತ್ರಿ ಅವರ ಬಂದು ಕರ್ಕೊಂಡು ಹೊಕ್ಕಾರಂತ."

ನಾನು ಕತ್ತರಿ ಕೆಳಗಿಟ್ಟೆ. ಎರಡು ವರ್ಷದ ಹಿಂದೆ ನಾವು ಹಾಳಾದದ್ದು ಇದೇ ಮಾತು ನಂಬಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಮದುವೆಯಾಗಿ ಇರುವುದು ಬಾಗಲಕೋಟೆಯ ನವನಗರದಲ್ಲಿ. ತವರು ಇಳಕಲ್. ಇದು ನನ್ನ ತಮ್ಮನ ಕಥೆ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಇಳಕಲ್ ಅಂದರೆ ಹೊರಗಿನವರಿಗೆ ಸೀರೆ ನೆನಪಾಗುತ್ತದೆ. ನಮ್ಮೂರ ಹುಡುಗರಿಗೆ ಕಲ್ಲು. ಆ ಕೆಂಪು ಗ್ರಾನೈಟ್ ಪಾಲಿಶ್ ಮಾಡುವ ಕಡೆ ತಮ್ಮ ರಾತ್ರಿ ಪಾಳಿ ಮಾಡುತ್ತಿದ್ದ. ಆಗ ಅವನಿಗೆ 23 ವರ್ಷ. ಸೊಂಟ ಹಿಡಿದುಕೊಂಡಿತು. ರಜೆ ಹಾಕಿದರೆ ಕೂಲಿ ಹೋಗುತ್ತೆ. ಜೊತೆಗಿದ್ದವನೊಬ್ಬ ಗುಳಿಗೆ ಕೊಟ್ಟ. ನೋವೂ ಹೋಯಿತು, ದಣಿವೂ ಹೋಯಿತು. ಎರಡು ಪಾಳಿ ಒಟ್ಟಿಗೆ ಮಾಡಿ ಜಾಸ್ತಿ ದುಡ್ಡು ತಂದ. ಅಪ್ಪನಿಗೆ ಖುಷಿ, ಹುಡುಗ ಜವಾಬ್ದಾರಿ ಕಲಿತ ಅಂತ.

ಆ ಗುಳಿಗೆ ಟ್ರಮಡಾಲ್ ಅಂತ ನಮಗೆ ಗೊತ್ತಾದದ್ದು ಬಹಳ ತಡವಾಗಿ. ಅದು ಅಫೀಮಿನ ತರಹವೇ ಮೈಯಲ್ಲಿ ಕೆಲಸ ಮಾಡುವ ನೋವಿನ ಮಾತ್ರೆ. 2018ರಿಂದ ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ಬಂದಿದೆ. ಡಾಕ್ಟರ್ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ತಮ್ಮನಿಗೆ ಚೀಟಿ ಕೇಳಿದವರು ಯಾರೂ ಇರಲಿಲ್ಲ.

ನಮ್ಮ ತಲೆಯಲ್ಲಿ ಡ್ರಗ್ಸ್ ಅಂದರೆ ಬೆಂಗಳೂರು, ಶ್ರೀಮಂತರ ಮಕ್ಕಳು, ಬಿಳಿ ಪುಡಿ. ಹೆಚ್ಚೆಂದರೆ ಗಾಂಜಾ. ಗುಳಿಗೆ ಅಂದರೆ ಔಷಧ ಅಲ್ವಾ? ಬಾಯಿ ವಾಸನೆ ಇಲ್ಲ, ತೂರಾಡುವುದಿಲ್ಲ. ಅದು ಸಿಗದ ದಿನ ಮಾತ್ರ ಅವನನ್ನು ನೋಡೋಕೆ ಆಗುತ್ತಿರಲಿಲ್ಲ. ಮೂಗು ಸೋರುತ್ತಿತ್ತು. ಆಕಳಿಕೆ ನಿಲ್ಲುತ್ತಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮೈಮೇಲೆ ಮುಳ್ಳು ಏಳುತ್ತಿತ್ತು. ರಾತ್ರಿಯೆಲ್ಲಾ ಕಾಲು ಒದರುತ್ತಿದ್ದ, ಜೊತೆಗೆ ಭೇದಿ. ಅವ್ವ ನೆಗಡಿ ಅಂತ ಶುಂಠಿ ಕಷಾಯ ಕೊಟ್ಟಳು. ಅವ್ವನ ಬೆಂಡೋಲೆ ಕಾಣೆಯಾದ ದಿನ ಎಲ್ಲಾ ಹೊರಬಂತು.

ಅಪ್ಪ ಹೊಡೆದರು. ಮೂರು ದಿನ ಕೋಣೆಯಲ್ಲಿ ಕೂಡಿಹಾಕಿದರು. ಆಮೇಲೆ ಗದ್ದುಗೆ ಮುಂದೆ ನಿಲ್ಲಿಸಿ ಆಣೆ ಮಾಡಿಸಿದರು. ಐದನೇ ದಿನಕ್ಕೆ ಮತ್ತೆ ಗುಳಿಗೆ. ಆಣೆ ಮಾಡುವಾಗ ತಮ್ಮ ಸುಳ್ಳು ಹೇಳಿರಲಿಲ್ಲ. ಇದನ್ನು ನಾನು ಈಗ ನಂಬುತ್ತೇನೆ. ಅವತ್ತು ನಂಬಿರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡರೆ ಬಿಡಬಹುದು, ಇವನಿಗೆ ಮನಸ್ಸಿಲ್ಲ, ಅಷ್ಟೇ ಅಂದುಕೊಂಡಿದ್ದೆ.

ಅದೇ ಹೊತ್ತಿಗೆ ತಂಗಿಗೆ ಗುಳೇದಗುಡ್ಡದಿಂದ ಸಂಬಂಧ ಬಂದಿತ್ತು. ಮಾತುಕತೆ ಅರ್ಧ ಮುಗಿದಿತ್ತು. ಅಪ್ಪ ಹೇಳಿದ್ದು ಒಂದೇ ಮಾತು: "ರೊಕ್ಕ ಹೋದ್ರ ಹೋಗ್ಲಿ. ಮಂದಿ ಬಾಯಿಗೆ ಬೀಳೂದು ಬ್ಯಾಡ." ದೂರದ ನೆಂಟರೊಬ್ಬರು ಚಟ ಬಿಡಿಸುವ ಒಂದು ಕೇಂದ್ರದ ನಂಬರ್ ಕೊಟ್ಟರು.

ಫೋನ್ ಮಾಡಿದವಳು ನಾನು. ಆ ಕಡೆಯವರು ಯಾವ ಗುಳಿಗೆ ಅಂತ ಕೇಳಲಿಲ್ಲ. ಎಷ್ಟು ದಿನದಿಂದ, ಎಷ್ಟು, ಯಾವಾಗಲಾದರೂ ಫಿಟ್ಸ್ ಬಂದಿತ್ತಾ, ಏನೂ ಕೇಳಲಿಲ್ಲ. ಮೂರು ತಿಂಗಳ ದುಡ್ಡು ಒಟ್ಟಿಗೆ ಕೊಡ್ತೀರಾ, ರಾತ್ರಿ ಎಷ್ಟಕ್ಕೆ ಬರಲಿ, ಇಷ್ಟೇ. ಆಮೇಲೆ ಅವರೇ ಹೇಳಿದರು: "ಓಣಿ ಮಂದಿ ಕೇಳಿದ್ರ ಪುಣೆಕ ಕೆಲ್ಸಕ್ಕ ಹೋಗ್ಯಾನ ಅನ್ರಿ. ನಮ್ಮ ಕಡಿಂದ ಒಂದು ಮಾತು ಹೊರಗ ಹೋಗಂಗಿಲ್ಲ." ನಮಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅಲ್ಲಿ ಡಾಕ್ಟರ್ ಇದ್ದಾರಾ ಅಂತ ಕೇಳುವುದನ್ನೇ ಮರೆತೆವು. 54,000 ರೂಪಾಯಿ. ಸ್ವಸಹಾಯ ಸಂಘದಲ್ಲಿ ನಾನು ಸಾಲ ಎತ್ತಿ ಕೊಟ್ಟೆ. ರಸೀದಿ ಕೊಡಲಿಲ್ಲ, ನಾವೂ ಕೇಳಲಿಲ್ಲ. ರಸೀದಿ ಅಂದರೆ ಅದರ ಮೇಲೆ ಹೆಸರು ಇರುತ್ತಲ್ಲ.

ರಾತ್ರಿ ಎರಡಕ್ಕೆ ವ್ಯಾನ್ ಬಂತು. ನಾಲ್ಕು ಜನ. ಬಾಗಿಲು ತೆಗೆದವಳು ನಾನೇ. ಮಲಗಿದ್ದವನನ್ನು ಕೈಕಾಲು ಹಿಡಿದು ಎತ್ತಿದರು. ಅವನು "ಅಕ್ಕಾ" ಅಂತ ಒಂದು ಸಲ ಕೂಗಿದ. ಎರಡನೇ ಸಲ ಕೂಗುವಷ್ಟರಲ್ಲಿ ಬಾಯಿಗೆ ಟವೆಲ್ ಒತ್ತಿದ್ದರು. ಅವ್ವ ದೇವರ ಕೋಣೆಯಿಂದ ಹೊರಗೆ ಬರಲಿಲ್ಲ. ಎದುರು ಮನೆಯ ಲೈಟ್ ಹತ್ತಿತು. ಅಪ್ಪ ಲಗೂನೆ ಬಾಗಿಲು ಹಾಕಿಕೊಂಡರು.

ಮೊದಲ ತಿಂಗಳು ಮಾತಾಡಲು ಬಿಡಲಿಲ್ಲ. ಮನೆಯವರ ದನಿ ಕೇಳಿದರೆ ಮನಸ್ಸು ಕದಡುತ್ತೆ ಅಂದರು. 34ನೇ ದಿನ ಜಗಳ ಮಾಡಿ ಹೋದೆ. ತಮ್ಮನನ್ನು ಎದುರು ಕೂರಿಸಿದರು, ಪಕ್ಕದಲ್ಲಿ ಅವರ ಒಬ್ಬ ಆಳು. "ಆರಾಮ ಅದೀನಿ ಅಕ್ಕಾ" ಅಂದ. ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ. ಕಣಕಾಲಿನ ಸುತ್ತ ಕಪ್ಪು ಗುರುತಿತ್ತು. ಏನದು ಅಂದೆ. ಸೊಳ್ಳೆ ಕಚ್ಚಿದ್ದು ಅಂದ. ಸೊಳ್ಳೆ ಕಣಕಾಲಿನ ಸುತ್ತ ಬಳೆಯ ಹಾಗೆ ಕಚ್ಚುತ್ತಾ? ನನಗೆ ಅಲ್ಲೇ ಅನುಮಾನ ಬಂತು. ಬಂದರೂ ಎದ್ದು ಬಂದೆ. ಅವನನ್ನು ಕರೆದುಕೊಂಡು ಬಂದರೆ ಓಣಿಯಲ್ಲಿ ಏನು ಹೇಳೋದು ಅಂತ ಯೋಚನೆ ಮಾಡಿದೆ. ಇಡೀ ಕಥೆಯಲ್ಲಿ ನನ್ನನ್ನು ಇನ್ನೂ ಮಲಗಲು ಬಿಡದೇ ಇರುವುದು ಈ ಒಂದು ಗಳಿಗೆ.

ಒಳಗೆ ಆದದ್ದನ್ನು ಅವನು ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹೇಳಿದ. ಒಂದು ಹಾಲ್‌ನಲ್ಲಿ 22 ಜನ. ಡಾಕ್ಟರ್ ಇಲ್ಲ, ನರ್ಸ್ ಇಲ್ಲ. ಹೊಸಬರನ್ನು ಮೊದಲ ವಾರ ಕಿಟಕಿ ಸರಳಿಗೆ ಸರಪಳಿ ಹಾಕಿ ಕಟ್ಟುತ್ತಾರೆ. ಗುಳಿಗೆ ನಿಂತು ಮೈಯೆಲ್ಲಾ ಮುರಿಯುವಾಗ "ನಾಟಕ ಮಾಡಬ್ಯಾಡ" ಅಂತ ಪೈಪಿನಿಂದ ಹೊಡೆದರು. ಎರಡನೇ ರಾತ್ರಿ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡ. ಮುಖಕ್ಕೆ ನೀರು ಹಾಕಿ ಬಿಟ್ಟರು. ಈ ಗುಳಿಗೆಯಿಂದ ಫಿಟ್ಸ್ ಬರುವ ಅಪಾಯ ಇದೆ, ಅಂಥವರನ್ನು ಆಸ್ಪತ್ರೆಯಲ್ಲೇ ಇಟ್ಟು ನೋಡಬೇಕು ಅಂತ ಆಮೇಲೆ ಡಾಕ್ಟರ್ ಹೇಳಿದರು. ಪಕ್ಕದಲ್ಲಿ ಒಬ್ಬ ಹಿರಿಯರು ಇದ್ದರಂತೆ, ಕುಡಿತದವರು. ಮೂರನೇ ದಿನ ಕೈ ನಡುಗುತ್ತಾ ಗೋಡೆ ಮೇಲೆ ಇಲ್ಲದ ಇರುವೆ ಒರೆಸುತ್ತಿದ್ದರಂತೆ. ಉಳಿದವರು ನಕ್ಕರಂತೆ. ನಗುವ ವಿಷಯ ಅಲ್ಲ ಅದು. ವರ್ಷಗಟ್ಟಲೆ ಜಾಸ್ತಿ ಕುಡಿದವರಿಗೆ ಒಮ್ಮೆಲೇ ನಿಲ್ಲಿಸಿದರೆ ಹೀಗಾಗುತ್ತದೆ, ಔಷಧ ಕೊಡದಿದ್ದರೆ ಜೀವವೂ ಹೋಗಬಹುದು. ಆ ಹಿರಿಯರು ಏನಾದರು ಅಂತ ತಮ್ಮನಿಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಅವರ ಹಾಸಿಗೆ ಖಾಲಿ ಇತ್ತು.

ಮೂರು ತಿಂಗಳಿಗೆ ಮನೆಗೆ ಬಂದ. ಒಣಗಿ ಕಡ್ಡಿಯಾಗಿದ್ದ. ಓಣಿಯವರು "ಪುಣೆ ನೀರು ಹಿಡಿಸಿಲ್ಲ ಕಾಣ್ತೈತಿ" ಅಂದರು. ಒಂಬತ್ತನೇ ದಿನ ಅವ್ವ ಚಹಾ ಕೊಡಲು ಹೋದಾಗ ಎಚ್ಚರ ಇರಲಿಲ್ಲ. ತುಟಿ ನೀಲಿ. ಉಸಿರು ಎಲ್ಲೋ ಒಂದೊಂದು.

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ನಮಗೆ ಯಾರೂ ಹೇಳಿರಲಿಲ್ಲ. ಅವನು ಹೊಸದಾಗಿ ಜಾಸ್ತಿ ತಗೊಂಡಿರಲಿಲ್ಲ. ಮೊದಲು ಎಷ್ಟು ತಗೊಳ್ಳುತ್ತಿದ್ದನೋ ಅಷ್ಟೇ ತಗೊಂಡಿದ್ದ. ಆದರೆ ಮೂರು ತಿಂಗಳು ಬಿಟ್ಟದ್ದರಿಂದ ಮೈಗೆ ಅದನ್ನು ತಡೆಯುವ ಶಕ್ತಿ ಹೋಗಿತ್ತು. ಹಳೆಯ ಅಳತೆಯೇ ವಿಷವಾಯಿತು. ಅಫೀಮಿನ ಜಾತಿಯ ಯಾವ ಮಾದಕಕ್ಕೂ ಇದು ನಿಜ. ಬಿಟ್ಟು ಬಂದ ಮೇಲಿನ ಮೊದಲ ವಾರಗಳೇ ಅತಿ ಅಪಾಯದ ದಿನಗಳು. ಆಸ್ಪತ್ರೆಯಲ್ಲಿ ಆ ಜಾತಿಯ ಮಾದಕದ ಪರಿಣಾಮ ಇಳಿಸುವ ನ್ಯಾಲೊಕ್ಸೋನ್ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು. ಏನು ತಗೊಂಡಿದ್ದಾನೆ ಅಂತ ಡಾಕ್ಟರ್ ಕೇಳಿದಾಗ ಅಪ್ಪ ಸುಮ್ಮನೆ ನಿಂತಿದ್ದರು. ನಾನು ಹೇಳಿದೆ. ಜೋರಾಗಿಯೇ ಹೇಳಿದೆ, ವಾರ್ಡಿನಲ್ಲಿ ನಮ್ಮ ಓಣಿಯವರೂ ಇದ್ದರು. ಹೇಳದೇ ಇದ್ದಿದ್ದರೆ ಯಾವ ಇಂಜೆಕ್ಷನ್ ಅಂತ ಅವರಿಗೆ ಹೇಗೆ ಗೊತ್ತಾಗಬೇಕಿತ್ತು?

ಅಲ್ಲಿಂದ ಧಾರವಾಡದ ಡಿಮ್ಹಾನ್ಸ್‌ಗೆ ಹೋದೆವು. ಹುಚ್ಚಾಸ್ಪತ್ರೆ ಅಂತ ನಮ್ಮ ಕಡೆ ಈಗಲೂ ಹೇಳುತ್ತಾರಲ್ಲ, ಅದೇ. ಅಲ್ಲಿ ಡಾಕ್ಟರ್ ಮಾತಾಡಿದ್ದು ಮೊದಲು ತಮ್ಮನ ಜೊತೆ, ನಮ್ಮನ್ನು ಹೊರಗೆ ಕೂರಿಸಿ. ಅವನು ಹೊರಗೆ ಬಂದಾಗ ಅಳುತ್ತಿದ್ದ. "ಅಕ್ಕಾ, ನನ್ನ ಮಾತು ನಂಬಿದ್ರು" ಅಂದ. ನಾಲಿಗೆ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಅನ್ನುವ ಮಾತ್ರೆ ಶುರು ಮಾಡಿದರು. "ಒಂದು ಗುಳಿಗಿ ಬಿಡಿಸಿ ಇನ್ನೊಂದು ಗುಳಿಗಿ ಏನ್ರಿ ಸಾಹೇಬ್ರ?" ಅಂತ ಅಪ್ಪ ಕೇಳಿದರು. ನೀವು ಬಿಪಿ ಗುಳಿಗೆ ಎಷ್ಟು ವರ್ಷದಿಂದ ತಗೊಳ್ತಿದ್ದೀರಿ ಅಂತ ಅವರು ತಿರುಗಿ ಕೇಳಿದರು. ಈ ಔಷಧ ಸರಿಯಾದ ಅಳತೆಯಲ್ಲಿ ಇದ್ದರೆ ಅಮಲು ಏರುವುದಿಲ್ಲ, ಮೈ ಮುರಿಯುವ ಸಂಕಟವೂ ಇರುವುದಿಲ್ಲ. ಉಂಡು, ಮಲಗಿ, ಕೆಲಸಕ್ಕೆ ಹೋಗಬಹುದು. ಎಷ್ಟು ದಿನ, ಯಾವಾಗ ಕಡಿಮೆ ಮಾಡೋದು ಅನ್ನೋದನ್ನ ಡಾಕ್ಟರೇ ನೋಡುತ್ತಾರೆ. ನಡುವೆ ಒಂದು ಸಲ ತಮ್ಮ ಜಾರಿದ. ಹೋಗಿ ಹೇಳಿದ. ಅವರು ಬೈಯಲಿಲ್ಲ. ಮುಂದಿನ ತಾರೀಖು ಹತ್ತಿರ ಕೊಟ್ಟರು.

ಆಮೇಲೆ ಗೊತ್ತಾದ ಕಾನೂನಿನ ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಒಳಗೆ ಮಾದಕ ಚಟವೂ ಬರುತ್ತದೆ. ಅಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ಸರಪಳಿ ಹಾಕುವುದು ಪೂರ್ತಿ ನಿಷೇಧ. ರೋಗಿ ಒಲ್ಲೆ ಅಂದರೆ ಮನೆಯವರ ಸಹಿ ಒಂದೇ ಸಾಲದು. ಮನೋವೈದ್ಯರೂ ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿ ಬೇಕೇ ಬೇಕು ಅನ್ನಬೇಕು. ಆಗಲೂ ಮೊದಲ ಸಲ ಇಟ್ಟುಕೊಳ್ಳುವುದು ಹೆಚ್ಚೆಂದರೆ 30 ದಿನ. ಹಾಗಾಗಿ ಯಾರಾದರೂ ನಿಮ್ಮ ಹುಡುಗನ ಮುಖ ನೋಡುವ ಮೊದಲೇ ಮೂರು ತಿಂಗಳ ಪ್ಯಾಕೇಜ್ ಅಂದರೆ ಫೋನ್ ಇಟ್ಟುಬಿಡಿ. ರಾತ್ರಿ ವ್ಯಾನ್ ಕಳಿಸ್ತೀವಿ ಅಂದರೂ ಅಷ್ಟೇ. ಹೋಗಿ ಒಳಗೆಲ್ಲಾ ನೋಡಬೇಕು ಅನ್ನಿ, ನೋಂದಣಿ ಪತ್ರ ತೋರಿಸಿ ಅನ್ನಿ, ಯಾವ ಡಾಕ್ಟರ್ ಎಷ್ಟು ಗಂಟೆಗೆ ಬರುತ್ತಾರೆ ಅಂತ ಕೇಳಿ. ಒಳ್ಳೆಯ ಕೇಂದ್ರಗಳೂ ಇವೆ, ಅವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅನ್ನೋ ಹೆದರಿಕೆ ಅಪ್ಪನಿಗಿತ್ತು. ಚಿಕಿತ್ಸೆ ಕೇಳಿಕೊಂಡು ಹೋಗುವುದು ಅಪರಾಧ ಅಲ್ಲ. ಮಾದಕ ವಸ್ತುಗಳ ಕಾಯ್ದೆ ಅಂದೆನಲ್ಲ, ಆ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಪ್ರಕಾರ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸ್ ಇರುವ ವ್ಯಸನಿ ಕೂಡ ತಾನಾಗಿ ಚಿಕಿತ್ಸೆಗೆ ಸೇರಿ ಪೂರ್ತಿ ಮಾಡಿದರೆ ವಿನಾಯಿತಿ ಇದೆ.

ದೂರ ಹೋಗಲು ಆಗದವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ವಿಚಾರಿಸಿ. ಫೋನಿನಲ್ಲೇ ಮಾತಾಡಬೇಕು ಅಂದರೆ ಚಟದ ವಿಷಯಕ್ಕೆ 14446, ಮನಸ್ಸಿನ ಯಾವ ಸಂಕಟಕ್ಕೂ ಟೆಲಿಮಾನಸ್ 14416. ಎರಡೂ ಪುಕ್ಕಟೆ. ಉಸಿರು ನಿಧಾನ ಆಗಿ ಎಬ್ಬಿಸಿದರೂ ಏಳದಿದ್ದರೆ ಯೋಚನೆ ಮಾಡಬೇಡಿ, 108.

ನಮ್ಮ ಅಜ್ಜ ಸೆರೆ ಕುಡಿಯುತ್ತಿದ್ದರು. ಇಳಕಲ್ ಚಿತ್ತರಗಿ ಮಠದ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಕಾಳು ಬೇಡ, ಕಾಸು ಬೇಡ, ನಿಮ್ಮ ದುಶ್ಚಟ ಹಾಕಿ ಅಂತ ಓಣಿ ಓಣಿ ತಿರುಗಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ಈಗ ಸರ್ಕಾರ ವ್ಯಸನಮುಕ್ತ ದಿನ ಅಂತ ಮಾಡುತ್ತದೆ. ಅಜ್ಜ ತನ್ನ ಸೀಸೆಯನ್ನು ಆ ಜೋಳಿಗೆಗೆ ಹಾಕಿದ್ದು ಹಗಲು ಹೊತ್ತಿನಲ್ಲಿ, ಇಡೀ ಓಣಿಯ ಮುಂದೆ. ಆಮೇಲೆ ದಿನಾ ಒಬ್ಬರಲ್ಲ ಒಬ್ಬರು "ಹೆಂಗದೀಯೋ ಕಾಕಾ?" ಅಂತ ಕೇಳುತ್ತಿದ್ದರಂತೆ. ಎಲ್ಲರಿಗೂ ಆಣೆಯೊಂದೇ ಸಾಕಾಗಲ್ಲ, ತಮ್ಮನಿಗೆ ಔಷಧ ಬೇಕೇ ಬೇಕಿತ್ತು. ಆದರೆ ಅಜ್ಜನ ಚಟ ಊರಿಗೆಲ್ಲಾ ಗೊತ್ತಿದ್ದ ಅದೇ ಮನೆಯಿಂದ, ಮೊಮ್ಮಗನನ್ನು ರಾತ್ರಿ ಎರಡಕ್ಕೆ ಬಾಯಿ ಕಟ್ಟಿ ಸಾಗಿಸಿದೆವು. ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ದೇಶದ ಸಮೀಕ್ಷೆ ಪ್ರಕಾರ, ಅಕ್ರಮ ಮಾದಕಗಳ ಚಟ ಇರುವ 20 ಜನರಲ್ಲಿ ಒಬ್ಬರಿಗೆ ಮಾತ್ರ ಆಸ್ಪತ್ರೆಯಲ್ಲಿ ಸೇರಿ ಚಿಕಿತ್ಸೆ ಸಿಕ್ಕಿತ್ತು. ಉಳಿದ 19 ಮನೆಗಳಲ್ಲಿ ಎಷ್ಟು ಮನೆಯವರು ನಮ್ಮ ಹಾಗೆ ಬಾಗಿಲು ಹಾಕಿಕೊಂಡು ಕೂತಿದ್ದಾರೋ.

ಆ ಕೇಂದ್ರದವರಿಗೂ ಇದು ಚೆನ್ನಾಗಿ ಗೊತ್ತು. ಗುಟ್ಟು ನಮಗಿಂತ ಅವರಿಗೇ ಜಾಸ್ತಿ ಬೇಕು. ಹೊಡೆದರು ಅಂತ ಹೇಳಬೇಕಾದರೆ ಮಗನಿಗೆ ಚಟ ಇತ್ತು ಅಂತ ಮೊದಲು ಹೇಳಬೇಕಲ್ಲ. ಇಷ್ಟು ದಿನ ನಾವೂ ಬಾಯಿ ಬಿಡಲಿಲ್ಲ. ಆ ತಾಯಿ ಅಂಗಡಿಗೆ ಬಂದು ಹೋದ ಮೇಲೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಮತ್ತು ಪೊಲೀಸರಿಗೆ ದೂರು ಬರೆದುಕೊಟ್ಟಿದ್ದೇವೆ. ವಿಚಾರಣೆ ಮುಗಿಯುವವರೆಗೆ ಹೆಸರು ಇಲ್ಲಿ ಹಾಕುವುದಿಲ್ಲ. ಗುಳೇದಗುಡ್ಡದವರಿಗೆ ವಿಷಯ ಗೊತ್ತಾಗಿ ಆ ಸಂಬಂಧ ತಪ್ಪಿತು. ತಂಗಿ ಮೂರು ದಿನ ಅತ್ತಳು. ಈಗ ತಮ್ಮನ ಗುಳಿಗೆಯ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವವಳು ಅವಳೇ.

ತಮ್ಮ ಕಲ್ಲಿನ ಕೆಲಸ ಬಿಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿದ್ದಾನೆ. ತಾರೀಖು ಬಂದಾಗ ಅಪ್ಪ ಜೊತೆಗೆ ಹೋಗುತ್ತಾರೆ. ಮೊದಮೊದಲು ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಎಲ್ಲಿಗೆ ಅಂದರೆ ಹುಬ್ಬಳ್ಳಿಗೆ, ಸಂತೆಗೆ ಅನ್ನುತ್ತಿದ್ದರು. ಹೋದ ಸಲ ನಾನೂ ಇದ್ದೆ. ಎದುರು ಮನೆಯ ಕಾಕಾ ಕೇಳಿದರು. ಅಪ್ಪ ಚೀಲ ಈ ಕೈಯಿಂದ ಆ ಕೈಗೆ ಬದಲಿಸಿದರು. ಆಮೇಲೆ ಹೇಳಿದರು: "ಧಾರವಾಡಕ್ಕ. ಮಗನ್ನ ದವಾಖಾನಿಗೆ ತೋರ್ಸಾಕ."