ಫ್ಯಾಮಿಲಿ ಟೆಂಟ್ ಎತ್ತಿಡುವುದು: ಸುತ್ತಬೇಕೋ ತುರುಕಬೇಕೋ, ಬಟ್ಟೆಚೀಲವೋ ಪ್ಲಾಸ್ಟಿಕ್ ಡಬ್ಬಿಯೋ?

ಸಕಲೇಶಪುರಕ್ಕೋ ಕೊಡಗಿಗೋ ವರ್ಷದಲ್ಲಿ ನಾಲ್ಕೈದು ರಾತ್ರಿ ಹೋಗಿಬರುವ ಸಂಸಾರದ ಟೆಂಟು ಉಳಿದ ದಿನವೆಲ್ಲ ಮನೆಯ ಯಾವುದೋ ಮೂಲೆಯಲ್ಲಿ ಬಿದ್ದಿರುತ್ತದೆ. ಅದು ಹಾಳಾಗುವುದೂ ಹೆಚ್ಚಾಗಿ ಅಲ್ಲೇ. ಮುಳ್ಳು ಚುಚ್ಚಿದ ತೂತಿಗೆ ತೇಪೆ ಹಾಕಬಹುದು. ಮೂರು ತಿಂಗಳು ತೇವದಲ್ಲಿ ಕೊಳೆತ ಒಳಲೇಪಕ್ಕೆ ಮದ್ದಿಲ್ಲ. ಹಾಗಾಗಿ ಮಡಿಸುವ, ಒಣಗಿಸುವ, ಇಡುವ ಬೇರೆ ಬೇರೆ ವಿಧಾನಗಳನ್ನು ನಾವೇ ಮಾಡಿನೋಡಿ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಬರೆಯುತ್ತಿದ್ದೇವೆ.

ಹೋಲಿಕೆಗೆ ಇಟ್ಟುಕೊಂಡಿದ್ದು ನಮ್ಮಲ್ಲಿ ಹೆಚ್ಚಾಗಿ ಸಿಗುವ ನಾಲ್ಕು ಜನರ ಗುಮ್ಮಟದಾಕಾರದ ಟೆಂಟು. ಪಾಲಿಯೆಸ್ಟರ್ ಫ್ಲೈ ಅಂದರೆ ಮಳೆ ತಡೆಯುವ ಹೊರಹೊದಿಕೆ, ಅದರ ಒಳಮೈಗೆ ಪಿಯು ಅಂದರೆ ಪಾಲಿಯುರೆಥೇನ್ ಲೇಪ, ಗಾಳಿಯಾಡುವ ಬಟ್ಟೆಯ ಒಳಟೆಂಟು, ದಪ್ಪ ಪಾಲಿಥೀನ್ ನೆಲಹಾಸು, ಒಳಗೆ ಎಲಾಸ್ಟಿಕ್ ದಾರ ಇರುವ ಫೈಬರ್‌ಗ್ಲಾಸ್ ಕಡ್ಡಿಗಳು. ಎಸೆದರೆ ತಾನೇ ಬಿಚ್ಚಿಕೊಳ್ಳುವ ಪಾಪ್-ಅಪ್ ಟೆಂಟಿನ ಮಾತು ಬೇರೆ, ಅದು ಮುಂದೆ ಬರುತ್ತದೆ.

ಸುತ್ತುವುದು, ತುರುಕುವುದು

ಕಡ್ಡಿಗಳ ಕಟ್ಟನ್ನು ನಡುವೆ ಇಟ್ಟು ಬಟ್ಟೆಯನ್ನು ಅದರ ಸುತ್ತ ಬಿಗಿಯಾಗಿ ಸುತ್ತುವುದು ಬಹಳ ಜನ ಮಾಡುವ ಕ್ರಮ. ಸುರುಳಿ ಗಟ್ಟಿಯಾಗಿ ಬರುತ್ತದೆ, ಮೊದಲ ಸಲಕ್ಕೇ ಚೀಲದೊಳಗೆ ಕೂರುತ್ತದೆ. ತೊಂದರೆ ಏನೆಂದರೆ, ಕಡ್ಡಿಯ ತುಂಡುಗಳನ್ನು ಜೋಡಿಸುವ ಲೋಹದ ಕೊಳವೆಗಳ ಅಂಚು ಪ್ರತಿಸಲ ಬಟ್ಟೆಯ ಅದೇ ಜಾಗವನ್ನು ಉಜ್ಜುತ್ತದೆ. ಹಳೆಯ ಫೈಬರ್‌ಗ್ಲಾಸ್ ಕಡ್ಡಿಯಿಂದ ಎದ್ದ ಸಿಬಿರು ಬಲೆಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕಡ್ಡಿಗಳು ಅವುಗಳದೇ ಚೀಲದಲ್ಲಿದ್ದರೆ ಕಾರಿನಲ್ಲಿ ಮನೆಗೆ ತರುವಷ್ಟು ಹೊತ್ತಿಗೆ ಈ ಕ್ರಮ ಸಾಕು. ತಿಂಗಳುಗಟ್ಟಲೆ ಇಡುವುದಕ್ಕೆ ಬೇಡ.

ಕಡ್ಡಿ ಹೊರಗಿಟ್ಟು ಬರೀ ಬಟ್ಟೆಯನ್ನು ಮಡಿಸಿ ಸುತ್ತುವುದು ಎರಡನೆಯದು. ಇದರಲ್ಲಿ ಅಳತೆ ಮುಖ್ಯ. ಮಡಿಸಿದ ಪಟ್ಟಿಯ ಅಗಲ ಚೀಲದ ಉದ್ದಕ್ಕಿಂತ ಐದು ಸೆಂಟಿಮೀಟರ್ ಕಡಿಮೆ ಇರಬೇಕು. ಚೀಲ 60 ಸೆಂಟಿಮೀಟರ್ ಇದ್ದರೆ ಪಟ್ಟಿ 55. ಬಾಗಿಲಿನ ಜಿಪ್ಪನ್ನು ಒಂದು ಗೇಣಿನಷ್ಟು ತೆರೆದಿಟ್ಟು, ಬಾಗಿಲಿಲ್ಲದ ತುದಿಯಿಂದ ಬಾಗಿಲಿನ ಕಡೆಗೆ ಸುತ್ತಬೇಕು. ಹಾಗೆ ಸುತ್ತಿದರೆ ಒಳಗಿನ ಗಾಳಿ ಮುಂದೆ ಮುಂದೆ ಸರಿದು ಜಿಪ್ಪಿನ ಸಂದಿಯಿಂದ ಹೋಗುತ್ತದೆ. ಜಿಪ್ಪು ಪೂರ್ತಿ ಮುಚ್ಚಿದ್ದರೆ ಅಥವಾ ಬಾಗಿಲ ಕಡೆಯಿಂದಲೇ ಸುತ್ತಲು ಶುರುಮಾಡಿದರೆ ಗಾಳಿ ಒಳಗೇ ಸಿಕ್ಕಿಬಿದ್ದು ಸುರುಳಿ ಉಬ್ಬುತ್ತದೆ. ಆಮೇಲೆ "ಚೀಲ ಚಿಕ್ಕದು ಕೊಟ್ಟಿದ್ದಾರೆ" ಎಂದು ಬೈಯುವುದರಲ್ಲಿ ಅರ್ಥವಿಲ್ಲ. ಸುತ್ತುವಾಗ ಪ್ರತಿ ಎರಡು ಸುತ್ತಿಗೊಮ್ಮೆ ಮಂಡಿಯೂರಿ ಒತ್ತಬೇಕು. ಒಂದು ಎಚ್ಚರಿಕೆ: ಪ್ರತಿಸಲ ಅದೇ ಗೆರೆಯಲ್ಲಿ ಮಡಿಸಿದರೆ ಆ ಗೆರೆಯಲ್ಲೇ ಲೇಪ ಸವೆಯುತ್ತದೆ. ಒಮ್ಮೆ ಮೂರು ಮಡಿಕೆ ಮಾಡಿದರೆ ಇನ್ನೊಮ್ಮೆ ನಾಲ್ಕು ಮಾಡಿ, ಗೆರೆ ಜಾಗ ಬದಲಿಸಲಿ.

ಮೂರನೆಯದು ತುರುಕುವುದು. ಮಡಿಕೆಯೂ ಇಲ್ಲ, ಅಳತೆಯೂ ಇಲ್ಲ. ಒಂದು ಮೂಲೆ ಹಿಡಿದು ಹಿಡಿಹಿಡಿಯಾಗಿ ಚೀಲಕ್ಕೆ ಒತ್ತುತ್ತ ಹೋಗುವುದು. ಬೆಟ್ಟ ಹತ್ತುವವರು ಹಗುರ ಟೆಂಟಿಗೆ ಇದನ್ನೇ ಇಷ್ಟಪಡುತ್ತಾರೆ. ಪ್ರತಿಸಲ ಸುಕ್ಕು ಬೇರೆ ಬೇರೆ ಕಡೆ ಬೀಳುವುದರಿಂದ ಯಾವ ಒಂದು ಗೆರೆಯೂ ಸವೆಯುವುದಿಲ್ಲ. ನಮ್ಮ ಫ್ಯಾಮಿಲಿ ಟೆಂಟಿನ ಫ್ಲೈಗೆ ಇದು ಚೆನ್ನಾಗಿ ಒಗ್ಗಿತು, ಬೇಗವೂ ಆಯಿತು. ನೆಲಹಾಸಿಗೆ ಮಾತ್ರ ಒಗ್ಗಲೇ ಇಲ್ಲ. ಪಾಲಿಥೀನ್ ಬಿರುಸು ವಸ್ತು. ತುರುಕಿದಾಗ ಚೂಪು ಮೂಲೆಗಳಾಗಿ ಮುರಿದು ಬಿಳಿ ಗೀರು ಬೀಳುತ್ತದೆ, ಆ ಗೀರುಗಳು ಕೂಡುವ ಕಡೆಯೇ ಮುಂದೆ ಸೂಜಿಮೊನೆಯಂಥ ತೂತಾಗಿ ನೀರು ಜಿನುಗುತ್ತದೆ.

ಹಾಗಾಗಿ ನಮ್ಮ ಆಯ್ಕೆ ಎರಡರ ಬೆರಕೆ. ನೆಲಹಾಸಿರುವ ಒಳಟೆಂಟನ್ನು ಮಡಿಸಿ ಸಡಿಲವಾಗಿ ಸುತ್ತುವುದು, ಫ್ಲೈಯನ್ನು ಬೇರೆ ಚೀಲಕ್ಕೆ ತುರುಕುವುದು. ಎರಡೂ ಬೇರೆಯಾಗಿದ್ದರೆ ಇನ್ನೊಂದು ಅನುಕೂಲವಿದೆ. ಬೆಳಿಗ್ಗೆ ಇಬ್ಬನಿಯಲ್ಲಿ ಫ್ಲೈ ತೊಯ್ದಿದ್ದರೂ ಒಳಟೆಂಟು ಒಣಗಿಯೇ ಇರುತ್ತದೆ.

ಕಡ್ಡಿ ಬಿಚ್ಚುವಾಗ ಅದನ್ನು ತೂರಿಸಿದ ಬಟ್ಟೆಯ ತೋಳಿನೊಳಗಿಂದ ಹೊರಕ್ಕೆ ತಳ್ಳಬೇಕೇ ಹೊರತು ಎಳೆಯಬಾರದು. ಎಳೆದರೆ ತುಂಡುಗಳು ನಡುವೆಯೇ ಬಿಟ್ಟುಕೊಂಡು ಬಟ್ಟೆಯನ್ನು ಕಚ್ಚುತ್ತವೆ. ಮಡಿಸುವುದನ್ನು ಕಡ್ಡಿಯ ನಡುಭಾಗದಿಂದ ಆರಂಭಿಸಿ ಎರಡು ತುದಿಗಳ ಕಡೆಗೆ ಹೋಗಬೇಕು. ಒಂದು ತುದಿಯಿಂದ ಶುರುಮಾಡಿದರೆ ಕೊನೆಯ ತುಂಡುಗಳಿಗೆ ಬರುವಷ್ಟರಲ್ಲಿ ಎಲಾಸ್ಟಿಕ್ಕಿನ ಎಳೆತವೆಲ್ಲ ಅಲ್ಲೇ ಸೇರಿ, ದಾರ ಬೇಗ ಸಡಿಲವಾಗುತ್ತದೆ.

ಪಾಪ್-ಅಪ್ ಟೆಂಟಿಗೆ ಈ ಯಾವ ಪ್ರಶ್ನೆಯೂ ಇಲ್ಲ, ಚಕ್ರದಂತೆ ಮಡಚಿಕೊಳ್ಳುತ್ತದೆ. ಆದರೆ ಆ ಚಕ್ರ ಬೀರುವಿನೊಳಗೆ ಹಿಡಿಸುವುದಿಲ್ಲ. ಮಂಚದಡಿಯೋ ಬಾಗಿಲ ಹಿಂದೆಯೋ ಜಾಗ ಹುಡುಕಬೇಕು. ಫ್ಲೈಯೂ ಒಳಟೆಂಟೂ ಸೇರಿಯೇ ಇರುವ ಮಾದರಿಯಾದರೆ ಅವೆರಡರ ನಡುವಿನ ತೇವ ಆರಲು ಬಹಳ ಹೊತ್ತು ಬೇಕು. ವರ್ಷವಿಡೀ ಎತ್ತಿಡುವ ದೃಷ್ಟಿಯಿಂದ ನೋಡಿದರೆ ಕಡ್ಡಿಯ ಟೆಂಟೇ ಮೇಲು ಎನ್ನುತ್ತೇವೆ.

ಒಣಗಿಸುವುದು: ತಾರಸಿ, ಬಾಲ್ಕನಿ, ಫ್ಯಾನು

ತಾರಸಿಯ ಬಿಸಿಲಲ್ಲಿ ಟೆಂಟು ಬಲುಬೇಗ ಒಣಗುತ್ತದೆ. ಒಂದೆರಡು ಗಂಟೆಯ ಬಿಸಿಲಿಗೆ ಪಾಲಿಯೆಸ್ಟರ್ ಹೆದರುವುದಿಲ್ಲ. ನೈಲಾನ್ ಬಿಸಿಲಿಗೆ ಬೇಗ ದುರ್ಬಲವಾಗುತ್ತದೆ, ಆದ್ದರಿಂದ ನೈಲಾನ್ ಫ್ಲೈಗೆ ನೆರಳೇ ಸರಿ. ಸಿಮೆಂಟಿನ ಮೇಲೆ ಹಾಸಿ ಎಳೆದಾಡಿದರೆ ಲೇಪ ತರಚುತ್ತದೆ, ನೇತುಹಾಕಿ. ಕಬ್ಬಿಣದ ತಂತಿಯ ಮೇಲೆ ಹಾಕಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ. ಬಾಲ್ಕನಿಯಲ್ಲಿ ಗಾಳಿ ಆಡುತ್ತಿದ್ದರೆ ಅರ್ಧ ದಿನ ಹಿಡಿಯುತ್ತದೆ, ಬಟ್ಟೆಗೆ ಯಾವ ಏಟೂ ಇಲ್ಲ. ಬಿಸಿಲಿರುವ ತಿಂಗಳುಗಳಲ್ಲಿ ನಮಗೆ ಹಿಡಿಸಿದ್ದು ಇದೇ.

ಮಳೆಗಾಲದಲ್ಲಿ ಉಳಿಯುವುದು ಮನೆಯೊಳಗಿನ ಫ್ಯಾನು ಒಂದೇ. ಫ್ಲೈಯನ್ನು ಎರಡು ಬಾಗಿಲುಗಳ ಮೇಲೆ ಹಾಕಿ, ನೆಲಹಾಸನ್ನು ಅಡಿಮೇಲಾಗಿ ಕುರ್ಚಿಗಳ ಮೇಲೆ ಹರಡಿ, ಆರು ಗಂಟೆಗೊಮ್ಮೆ ಮಗುಚುತ್ತ ಒಂದು ಪೂರ್ತಿ ದಿನ ಬಿಡಬೇಕು. ಹೇರ್ ಡ್ರೈಯರ್, ಇಸ್ತ್ರಿಪೆಟ್ಟಿಗೆ ಹತ್ತಿರ ತರಬೇಡಿ. ಹೊಲಿಗೆಯ ಮೇಲಿನ ಟೇಪನ್ನು ಬಿಸಿಯಿಂದಲೇ ಅಂಟಿಸಿರುತ್ತಾರೆ, ಬಿಸಿ ತಾಗಿದರೆ ಮತ್ತೆ ಏಳುತ್ತದೆ.

ಬಟ್ಟೆ ಒಣಗಿದಂತೆ ಕಂಡರೂ ತೇವ ಅಡಗುವ ಜಾಗಗಳಿವೆ: ಮೂಲೆಯ ದಪ್ಪ ಪಟ್ಟಿಗಳು, ಗೂಟ ಸಿಕ್ಕಿಸುವ ಕುಣಿಕೆ, ಕಡ್ಡಿ ತೂರುವ ತೋಳು, ಬಾಗಿಲ ಕೆಳಗಿನ ಜಿಪ್ಪಿನ ಮಡಿಕೆ, ಹಗ್ಗಗಳು. ಅಲ್ಲೆಲ್ಲ ಅಂಗೈಯ ಹಿಂಬದಿ ಇಟ್ಟು ನೋಡಿ. ತಣ್ಣಗೆ ತಾಗಿದರೆ ಇನ್ನೂ ನೀರು ಆರುತ್ತಿದೆ ಎಂದರ್ಥ. ಮಳೆಯಲ್ಲೇ ಟೆಂಟು ಬಿಚ್ಚಬೇಕಾಗಿ ಬಂದರೆ ಫ್ಲೈಯನ್ನು ಕೊಡವಿ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಬನ್ನಿ. ಮನೆ ಮುಟ್ಟಿದ ದಿನವೇ ಅದನ್ನು ಬಿಚ್ಚಬೇಕು. ನಮ್ಮ ಸೆಕೆಯಲ್ಲಿ ಒಂದೆರಡು ದಿನ ಸಾಕು, ಬೂಷ್ಟು ಶುರುವಾಗುತ್ತದೆ. ಒಮ್ಮೆ ಕಪ್ಪು ಚುಕ್ಕೆ ಬಟ್ಟೆಗಿಳಿದರೆ ವಾಸನೆ ಕಡಿಮೆ ಮಾಡಬಹುದಷ್ಟೇ, ಕಲೆ ಉಳಿಯುತ್ತದೆ. ಬ್ಲೀಚ್ ಹಾಕಿದರೆ ಲೇಪವೇ ಹೋಗುತ್ತದೆ. ಕೆಸರನ್ನು ಉಗುರುಬೆಚ್ಚಗಿನ ನೀರು, ಮೆತ್ತನೆಯ ಸ್ಪಂಜಿನಿಂದ ಒರೆಸಿದರೆ ಸಾಕು. ವಾಷಿಂಗ್ ಮೆಷಿನ್ ಬೇಡವೇ ಬೇಡ. ಬಟ್ಟೆ ಒಗೆಯುವ ಪುಡಿಯೂ ಬೇಡ, ಅದರ ಅಂಶ ಬಟ್ಟೆಯಲ್ಲಿ ಉಳಿದರೆ ಮಳೆನೀರು ಜಾರುವ ಬದಲು ಹೀರಿಕೊಳ್ಳುತ್ತದೆ.

ಒಣಗಿಸುವ ಮೊದಲು ಒಳಟೆಂಟನ್ನು ಹೊರಮಗುಚಿ ಕೊಡವುವುದನ್ನು ಮಲೆನಾಡಿನಿಂದ ಬಂದವರು ತಪ್ಪಿಸಬಾರದು. ಜಿಗಣೆ ಕಂಡುಬಿಡುತ್ತದೆ, ಉಣ್ಣೆಹುಳ ಕಾಣುವುದಿಲ್ಲ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಕಡೆ. ಅದನ್ನು ಹರಡುವುದು ಉಣ್ಣೆಗಳೇ, ಹಾವಳಿ ಹೆಚ್ಚುವುದು ಮಳೆಯಿಲ್ಲದ ತಿಂಗಳುಗಳಲ್ಲಿ, ಅಂದರೆ ನಾವು ಟೆಂಟು ಹೊತ್ತು ಹೊರಡುವ ಕಾಲದಲ್ಲೇ. ಮನೆಯೊಳಗೆ ಕೊಡವಬೇಡಿ, ಹೊರಗೆ ಬಿಸಿಲಲ್ಲಿ ಕೊಡವಿ, ಹೊಲಿಗೆಯ ಸಂದುಗಳನ್ನು ಕಣ್ಣಿಟ್ಟು ನೋಡಿ.

ಇಡುವುದು ಎಲ್ಲಿ

ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಸುತ್ತಿದರೋ ತುರುಕಿದರೋ ಎಂಬುದಕ್ಕಿಂತ ಎಲ್ಲಿ, ಯಾವುದರಲ್ಲಿ ಇಟ್ಟಿರಿ ಎಂಬುದು ಟೆಂಟಿನ ಆಯಸ್ಸನ್ನು ನಿರ್ಧರಿಸುತ್ತದೆ.

ಕಾರಣ ಪಿಯು ಲೇಪ. ಸೆಕೆ, ತೇವ ಎರಡೂ ಸೇರಿದಾಗ ನೀರಿನಂಶ ಆ ಲೇಪದ ಕಟ್ಟುಗಳನ್ನೇ ಕಡಿಯುತ್ತ ಹೋಗುತ್ತದೆ. ಮೊದಲು ಹುಳಿ, ವಾಂತಿಯಂಥ ವಾಸನೆ. ಆಮೇಲೆ ಫ್ಲೈಯ ಒಳಮೈ ಅಂಟುಅಂಟು. ಕೊನೆಗೆ ಬಿಳಿ ಹೊಟ್ಟಿನಂತೆ ಉದುರುವುದು. ಇದು ಬೂಷ್ಟಲ್ಲ, ತೊಳೆದರೆ ಹೋಗುವುದಿಲ್ಲ. ಸಿಲಿಕೋನ್ ಲೇಪದ ಬಟ್ಟೆಗೆ ಈ ರೋಗವಿಲ್ಲ, ಆದರೆ ಅಂಥ ಬಟ್ಟೆ ಫ್ಯಾಮಿಲಿ ಟೆಂಟಿನ ಬೆಲೆಯಲ್ಲಿ ಸಿಗುವುದು ಅಪರೂಪ.

ಅಟ್ಟದ ಮೇಲೆ, ಟೆಂಟಿನ ಜೊತೆ ಬಂದ ಚೀಲದಲ್ಲೇ ಬಿಗಿಯಾಗಿ ಇಡುವುದು ಎಲ್ಲರೂ ಮಾಡುವುದು. ಮಾಡಿನೋಡಿದವುಗಳಲ್ಲಿ ಕೊನೆಯ ಎರಡು ಸ್ಥಾನಗಳಲ್ಲಿ ಒಂದು ಇದಕ್ಕೆ. ಶೀಟಿನ ಮಾಡಿನ ಕೆಳಗಾದರೆ ಬೇಸಿಗೆಯ ಕಾವು, ತಾರಸಿ ಮನೆಯಾದರೆ ಮಳೆಗಾಲದಲ್ಲಿ ಜಿನುಗುವ ಛಾವಣಿ, ಜೊತೆಗೆ ಇಲಿ. ಬಿಗಿ ಸುರುಳಿಯ ನಡುವೆ ಗಾಳಿ ಹೋಗುವುದಿಲ್ಲ, ಅಲ್ಲಿ ಉಳಿದ ತೇವ ಅಲ್ಲೇ ಕೂರುತ್ತದೆ. ಇನ್ನೊಂದು ಕೊನೆಯ ಸ್ಥಾನ ಕಾರಿನ ಡಿಕ್ಕಿಗೆ. ಬಿಸಿಲಲ್ಲಿ ನಿಂತ ಕಾರು ಎಷ್ಟು ಕಾಯುತ್ತದೆ ಎಂದು ಹೇಳಬೇಕಾಗಿಲ್ಲ.

ಉಳಿದವು ಎರಡು: ಸಡಿಲವಾದ ಹತ್ತಿಬಟ್ಟೆಯ ಚೀಲ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ. ಟೆಂಟನ್ನು ಗಾಳಿಯಾಡುವ ಬಟ್ಟೆಚೀಲದಲ್ಲೇ ಇಡಬೇಕು, ಡಬ್ಬಿಯಲ್ಲಿ ಇಡಬಾರದು ಎಂಬುದು ಎಲ್ಲೆಡೆ ಕೇಳಿಬರುವ ಸಲಹೆ. ಅದು ಒಣ ಹವೆಯ ಊರಿನ ಸಲಹೆ. ಬಟ್ಟೆಚೀಲದಲ್ಲಿ ಆಡುವ ಗಾಳಿ ಒಣಗಿದ್ದರೆ ಉಳಿದ ತೇವವನ್ನು ಅದು ಒಯ್ಯುತ್ತದೆ. ಗಾಳಿಯೇ ಒದ್ದೆಯಾಗಿದ್ದರೆ ತೇವವನ್ನು ತಂದು ಸುರಿಯುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆ, ಮಡಿಕೇರಿ, ಉಡುಪಿಯ ಕಡೆ ಚಪ್ಪಲಿ, ಬೆಲ್ಟಿಗೂ ಬೂಷ್ಟು ಹಿಡಿಯುವಾಗ ಬಟ್ಟೆಚೀಲದೊಳಗಿನ ಟೆಂಟು ಹೇಗೆ ತಪ್ಪಿಸಿಕೊಂಡೀತು?

ಆದ್ದರಿಂದ ನಮ್ಮ ತೀರ್ಪು ಊರಿನ ಮೇಲೆ ನಿಂತಿದೆ. ಬೆಂಗಳೂರು, ಮೈಸೂರು, ತುಮಕೂರು, ಹುಬ್ಬಳ್ಳಿಯಿಂದ ಕಲಬುರಗಿವರೆಗಿನ ಬಯಲುಸೀಮೆಯಲ್ಲಿ ಬಟ್ಟೆಚೀಲವೇ ಗೆಲ್ಲುತ್ತದೆ. ಹಳೆಯ ಹತ್ತಿ ಬೆಡ್‌ಶೀಟಿನ ತುಂಡನ್ನು ಎರಡಾಗಿ ಮಡಿಸಿ ಎರಡು ಬದಿ ಹೊಲಿದ, ಸರಿಸುಮಾರು 60 × 90 ಸೆಂಟಿಮೀಟರಿನ ದಿಂಬುಚೀಲದಂಥದ್ದು ಸಾಕು. ಬಾಯಿಗೆ ಲಾಡಿ ಹಾಕಿ, ಫ್ಲೈ, ಒಳಟೆಂಟು ಎರಡನ್ನೂ ಒತ್ತದೆ ತುಂಬಿ, ಮಲಗುವ ಕೋಣೆಯ ಬೀರುವಿನ ಮೇಲ್ಗಡೆ ಖಾನೆಯಲ್ಲಿ ಇಡಿ. ಹೊರಗೋಡೆಗೆ ಒತ್ತಿಕೊಂಡ ಬೀರು ಬೇಡ.

ಕರಾವಳಿ, ಮಲೆನಾಡಿನಲ್ಲಿ ಡಬ್ಬಿ ಗೆಲ್ಲುತ್ತದೆ, ಆದರೆ ಷರತ್ತಿದೆ. ಮಳೆ ಹಿಡಿಯುವ ಮೊದಲೇ, ಮೇ ತಿಂಗಳ ಒಣ ದಿನವೊಂದರಲ್ಲಿ, ಮಧ್ಯಾಹ್ನ ಬಿಸಿಲಿಗೆ ಹಾಕಿದ ಟೆಂಟು ತಣಿದ ಮೇಲೆ ತುಂಬಬೇಕು. ಬಿಸಿಯಾಗಿರುವಾಗಲೇ ಮುಚ್ಚಬಾರದು. 50 ಲೀಟರಿನ ಡಬ್ಬಿಗೆ 200 ಗ್ರಾಂ ಸಿಲಿಕಾ ಜೆಲ್ ಧಾರಾಳ. ಅಷ್ಟು ಜಾಗದ ಗಾಳಿಯಲ್ಲಿ ಮಳೆಗಾಲದಲ್ಲೂ ಇರುವ ನೀರಾವಿ ಒಂದೂವರೆ ಗ್ರಾಂ ಆಸುಪಾಸು, ಅದನ್ನು ಜೆಲ್ ಸುಲಭವಾಗಿ ಹೀರುತ್ತದೆ. ಆದರೆ ಅರೆಒಣಗಿದ ಟೆಂಟಿನ ಹೊಲಿಗೆ, ಪಟ್ಟಿಗಳಲ್ಲಿ ಒಂದು ಲೋಟ ನೀರು ಉಳಿದಿದ್ದರೆ ಆ ಜೆಲ್ ಏನೂ ಮಾಡಲಾರದು. ತೇವದ ಟೆಂಟಿಗೆ ಡಬ್ಬಿಗಿಂತ ಕೆಟ್ಟ ಜಾಗ ಬೇರೆ ಇಲ್ಲ. ಬಣ್ಣ ಬದಲಿಸುವ ಜೆಲ್ ತೆಗೆದುಕೊಳ್ಳಿ. ಕಿತ್ತಳೆ ಬಣ್ಣದ್ದು ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಬೀರುವಿಗೆಂದು ಮಾರುವ, ತೇವ ಹೀರಿ ನೀರಾಗಿ ಕೆಳಗಿಳಿಯುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಟೆಂಟಿನ ಜೊತೆ ಇಡಬೇಡಿ. ಉರುಳಿದರೆ ಆ ಉಪ್ಪುನೀರು ಬಟ್ಟೆಯ ಮೇಲೆ ಆರುವುದೇ ಇಲ್ಲ.

ಗಾಳಿ ಎಳೆದು ಚಪ್ಪಟೆ ಮಾಡುವ ವ್ಯಾಕ್ಯೂಮ್ ಚೀಲವನ್ನೂ ನೋಡಿದೆವು. ಜಾಗ ಉಳಿಯುತ್ತದೆ ನಿಜ, ಆದರೆ ನೆಲಹಾಸಿನ ಮಡಿಕೆಗಳು ಬ್ಲೇಡಿನ ಅಂಚಿನಷ್ಟು ಚೂಪಾಗುತ್ತವೆ. ರಜಾಯಿಗೆ ಅದು ಸರಿ, ಟೆಂಟಿಗಲ್ಲ.

ನುಸಿಗುಳಿಗೆ ಯಾವ ಕ್ರಮದಲ್ಲೂ ಬೇಡ. ಪಾಲಿಯೆಸ್ಟರನ್ನು ನುಸಿ ತಿನ್ನುವುದಿಲ್ಲ, ಅದರ ಘಾಟು ಮಾತ್ರ ತಿಂಗಳುಗಟ್ಟಲೆ ಉಳಿಯುತ್ತದೆ, ಮುಚ್ಚಿದ ಟೆಂಟಿನಲ್ಲಿ ರಾತ್ರಿಯಿಡೀ ಅದನ್ನು ಉಸಿರಾಡುವುದು ಚಿಕ್ಕ ಮಕ್ಕಳಿಗೆ ಒಳ್ಳೆಯದಲ್ಲ. ಇಲಿ ಬರುವುದು ಟೆಂಟಿನೊಳಗೆ ಉಳಿದ ಬಿಸ್ಕತ್ತಿನ ಪುಡಿ, ಚಿಪ್ಸಿನ ಎಣ್ಣೆ ಕಲೆಗೆ. ಮೂಲೆಯ ಜೇಬುಗಳನ್ನು ತಿರುವಿ ಒರೆಸಿ. ಗೂಟಗಳನ್ನು ಟೆಂಟಿನ ಚೀಲದಲ್ಲಿ ಇಡಬೇಡಿ. ಮಣ್ಣು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಒಂದು ತೊಟ್ಟು ಹೊಲಿಗೆಯಂತ್ರದ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಬೇರೆಯೇ ಇಡಿ.

ಮಳೆ ಮುಗಿದು ಅಕ್ಟೋಬರ್ ಬಂದಾಗ, ಹೊರಡುವ ಹಿಂದಿನ ರಾತ್ರಿಗೆ ಕಾಯದೆ, ಒಮ್ಮೆ ತಾರಸಿಯಲ್ಲಿ ನಿಲ್ಲಿಸಿ ನೋಡಿ. ಫ್ಲೈಯ ಒಳಮೈಯನ್ನು ಎರಡು ಬೆರಳಿನಿಂದ ಹಿಸುಕಿ ಬಿಡಿ, ಅಂಟುತ್ತದೆಯೇ ಗಮನಿಸಿ. ಟೇಪು ಅಲ್ಲಲ್ಲಿ ಎದ್ದಿದ್ದರೆ ಆ ತುಂಡನ್ನು ಕಿತ್ತು, ಸ್ಪಿರಿಟ್ಟಿನಿಂದ ಒರೆಸಿ, ಹೊಲಿಗೆಗೆ ಸೀಮ್ ಸೀಲರ್ (ಹೊಲಿಗೆಯ ಸಂದು ಮುಚ್ಚುವ ಅಂಟು) ಹಚ್ಚಿ ಒಂದು ದಿನ ಬಿಟ್ಟರೆ ಸಾಕು. ಒಳಮೈಯೇ ಉದ್ದಗಲಕ್ಕೂ ಅಂಟುತ್ತಿದ್ದರೆ ಸೀಲರಿಗೆ ದುಡ್ಡು ಹಾಕಬೇಡಿ, ಒಳಟೆಂಟನ್ನು ಉಳಿಸಿಕೊಂಡು ಅದರ ಮೇಲೆ ಕಟ್ಟಲು ಬೇರೆ ಟಾರ್ಪಾಲಿನ್ ಹುಡುಕಿ.