ಮನೆಗೆ ಬಂದು ರಕ್ತ ತೆಗೆಯುವ ಲ್ಯಾಬ್: ಸೂಜಿಗೆ ಐದು ಸ್ಟಾರ್, ರಿಪೋರ್ಟಿಗೆ ಎರಡು

ಕಾಸರಗೋಡಿನ ಬದಿಯಡ್ಕ ಕಡೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಲ್ಯಾಬ್ ಒಂದಿದೆ. ಹೆಸರು ಬೇಡ, ಪಾಪ, ಹುಡುಗರು ಒಳ್ಳೆಯವರು. ಅಮ್ಮನಿಗೆ 67 ವರ್ಷ, ಎಂಟು ವರ್ಷದಿಂದ ಬಿಪಿ ಮಾತ್ರೆ. ನಮ್ಮ ಮನೆ ಅಡಿಕೆ ತೋಟದ ಒಳಗೆ, ಮಳೆಗಾಲದಲ್ಲಿ ಆಟೋದವರು ಮೇಲಿನ ರಸ್ತೆಯಲ್ಲೇ ಇಳಿಸಿ ಹೋಗುತ್ತಾರೆ, ಹಾಗಾಗಿ ಫೋನ್ ಮಾಡಿದೆ.

ಆರೂವರೆಗೆ ಬರುತ್ತೇನೆ ಅಂದವನು ಆರೂಮುಕ್ಕಾಲಿಗೆ ಬಂದ. ಜಾರುವ ಸಂಕ ದಾಟಿ, ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಕೊಡೆ. ಮಲಯಾಳದಲ್ಲಿದ್ದ ಫಾರ್ಮನ್ನು ತಾನೇ ಕನ್ನಡದಲ್ಲಿ ಓದಿ ಹೇಳಿದ, ಆಮೇಲೆ ಅಮ್ಮನ ಜೊತೆ ತುಳುವಿನಲ್ಲಿ ಮಾತಾಡುತ್ತಾ ಒಂದೇ ಚುಚ್ಚಿಗೆ ರಕ್ತ ತೆಗೆದ. ಅಮ್ಮನಿಗೆ ನರ ಸಿಗುವುದೇ ಕಷ್ಟ, ಬೇರೆ ಕಡೆ ಮೂರು ಮೂರು ಸಲ ಚುಚ್ಚಿಸಿಕೊಂಡು ಬಂದವರು. ಇಷ್ಟಕ್ಕೇ ಐದಕ್ಕೆ ಐದು ಕೊಡಬಹುದು.

ಬಿಪಿ ನೋಡಿದ್ದು ಮಾತ್ರ ಸರಿಯಾಗಲಿಲ್ಲ. ಅಮ್ಮ ಹಟ್ಟಿಯಿಂದ ಆಗಷ್ಟೇ ಬಂದಿದ್ದರು, ಕೂತ ಕೂಡಲೇ ಪಟ್ಟಿ ಸುತ್ತಿ 158 ಅಂತ ಬರೆದ. ಐದು ನಿಮಿಷ ಸುಮ್ನೆ ಕೂರಿಸಿ, ಮಾತಾಡಿಸದೆ, ಎರಡು ಸಲ ನೋಡಬೇಕಲ್ವಾ?

ನಾವು ತೆಗೆದುಕೊಂಡದ್ದು 1,200 ರೂಪಾಯಿಯ ಬಿಪಿ ಪ್ಯಾಕೇಜು. ಕ್ರಿಯೇಟಿನಿನ್, ಪೊಟ್ಯಾಶಿಯಂ, ಕೊಲೆಸ್ಟ್ರಾಲ್, ಯೂರಿಕ್ ಆಸಿಡ್ ಎಲ್ಲ ಸೇರಿ. ಯೂರಿಕ್ ಆಸಿಡ್ ಅಂದರೆ ರಕ್ತದಲ್ಲಿರುವ ಒಂದು ಕಸ, ಜಾಸ್ತಿಯಾದರೆ ಗಂಟು ನೋವು, ಮೂತ್ರದ ಕಲ್ಲು ಬರಬಹುದು. ಸಂಜೆ ವಾಟ್ಸಾಪಿನಲ್ಲಿ ರಿಪೋರ್ಟು ಬಂತು. ಯೂರಿಕ್ ಆಸಿಡ್ 6.9, ಪಕ್ಕದಲ್ಲಿ 3.5ರಿಂದ 7.2, ಅಂದರೆ ನಾರ್ಮಲ್. ಮೇಲೆ ಕಣ್ಣು ಹಾಯಿಸಿದರೆ ನಮ್ಮ ಅಮ್ಮ ಗಂಡಸು! ಹೆಂಗಸರಿಗೆ ಮೇಲಿನ ಮಿತಿ ಸುಮಾರು 6. ಫೋನ್ ಮಾಡಿದ್ದಕ್ಕೆ ರಾತ್ರಿಯೇ ತಿದ್ದಿ ಕಳಿಸಿದರು, ಈ ಸಲ ಕೆಂಪು ಅಕ್ಷರದಲ್ಲಿ. ಜೊತೆಗೊಂದು ಜಾಹೀರಾತು: ಯೂರಿಕ್ ಆಸಿಡ್ ಇಳಿಸಿ, ಬಿಪಿ ಇಳಿಸಿ, ಪ್ರತಿ ತಿಂಗಳೂ ಟೆಸ್ಟ್ ಮಾಡಿಸಿ.

ಮರುದಿನದಿಂದ ಉಪದೇಶ ಶುರು. ಮೀನು ಬಿಡಿ ಅಂದರು ಒಬ್ಬರು, ಹುಟ್ಟಿದಂದಿನಿಂದ ಮೀನು ಮುಟ್ಟದ ಹವ್ಯಕ ಹೆಂಗಸಿಗೆ! ಅತ್ತೆ ಫೋನ್ ಮಾಡಿ ತೊಗರಿಬೇಳೆ ಬಿಡು ಅಂದರು. ಹತ್ತು ದಿನ ಮನೆಯಲ್ಲಿ ಸಾರಿಗೆ ಬೇಳೆ ಇಲ್ಲ, ಬಸಳೆ ಚಪ್ಪರ ತುಂಬಿ ನಿಂತಿದ್ದರೂ ಕೊಯ್ಯುವವರಿಲ್ಲ. ಬೂತಾಯಿ ಮೀನು, ಮಾಂಸ, ಬಿಯರು ಮಾಡುವಷ್ಟು ತೊಂದರೆಯನ್ನು ಬೇಳೆ ಸೊಪ್ಪು ಮಾಡುವುದಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಮಂಗಳೂರಿನ ಡಾಕ್ಟರು ರಿಪೋರ್ಟು ನೋಡುವ ಮೊದಲೇ ಮಾತ್ರೆ ಚೀಟಿ ಕೇಳಿದರು. ಅಮ್ಮನ ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿತ್ತು, ಮೂತ್ರ ಜಾಸ್ತಿ ಹೋಗಿಸುವ ಮದ್ದು. ಅದು ಮೂತ್ರಪಿಂಡದಲ್ಲಿ ಯೂರಿಕ್ ಆಸಿಡ್ ಹೊರಗೆ ಹೋಗುವುದನ್ನು ಕಡಿಮೆ ಮಾಡುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಯೂರಿಕ್ ಆಸಿಡ್ ಏರುವುದೂ ಇದೆ. ಅಂದರೆ ಜಾಹೀರಾತು ಹೇಳಿದ್ದರ ತಿರುಗಾಮುರುಗಾ, ನಮ್ಮಲ್ಲಿ ಬಿಪಿಯ ಮದ್ದೇ ಯೂರಿಕ್ ಆಸಿಡ್ ಏರಿಸಿತ್ತು. ಗಂಟು ನೋವಿಲ್ಲ, ಕಲ್ಲಿಲ್ಲ, ಹಾಗಾಗಿ ಯೂರಿಕ್ ಆಸಿಡಿಗೆ ಬೇರೆ ಮಾತ್ರೆ ಕೊಡಲಿಲ್ಲ. ಬಿಪಿಗೆ ಹಳೆಯ ಮಾತ್ರೆಯ ಬದಲು ಲೋಸಾರ್ಟನ್ ಬರೆದರು, ಅದು ಯೂರಿಕ್ ಆಸಿಡನ್ನು ಸ್ವಲ್ಪ ಮೂತ್ರದಲ್ಲಿ ಹೊರಗೆ ಹಾಕುತ್ತದಂತೆ. ಪೊಟ್ಯಾಶಿಯಂ, ಕ್ರಿಯೇಟಿನಿನ್ ಮತ್ತೆ ನೋಡಿಸಲು ಹೇಳಿದರು. (ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬದಲಾಯಿಸಬೇಡಿ ಮಾರಾಯ್ರೆ.)

ಜಾಹೀರಾತು ಪೂರ್ತಿ ಸುಳ್ಳಂತೂ ಅಲ್ಲ. ಯೂರಿಕ್ ಆಸಿಡ್ ಜಾಸ್ತಿ ಇದ್ದವರಿಗೆ ಮುಂದೆ ಬಿಪಿ ಬರುವುದು ಹೆಚ್ಚು ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. 2008ರಲ್ಲಿ ಅಮೆರಿಕದಲ್ಲಿ ಬಿಪಿ ಹೊಸದಾಗಿ ಶುರುವಾದ 30 ಹದಿಹರೆಯದವರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯುರಿನಾಲ್ ಮಾತ್ರೆ ಕೊಟ್ಟು ನೋಡಿದಾಗ ಬಿಪಿ ಇಳಿದಿತ್ತು. ಆದರೆ ದೊಡ್ಡವರಲ್ಲಿ ಆಮೇಲೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಹಾಗೇ ಸಿಗಲಿಲ್ಲ. ಅಷ್ಟು ಮಾತ್ರದ ಸಂಗತಿ ಹಿಡಿದು ತಿಂಗಳು ತಿಂಗಳು ದುಡ್ಡು ಕೇಳುವುದು ಅತಿಯಾಯಿತು. ಅದರ ಬದಲು ಫಾರ್ಮಿನಲ್ಲಿ "ಯಾವ ಮಾತ್ರೆ ತಿನ್ನುತ್ತೀರಿ" ಅಂತ ಒಂದು ಸಾಲು ಹಾಕಿ.

ಎರಡು ತಿಂಗಳ ಮೇಲೆ ಮತ್ತೆ ಇವರಿಗೇ ಫೋನ್ ಮಾಡಿದೆ, ಆ ಹುಡುಗನ ಕೈ ನೋಡಿ. ಯೂರಿಕ್ ಆಸಿಡ್ 5.8 ಬಂತು. ಅಮ್ಮ ಈ ಸಲ ಹೆಂಗಸೇ. ಆದರೆ ವಯಸ್ಸು 76 ಅಂತ ಹಾಕಿದ್ದಾರೆ.