ಬೆಲ್ಲಿನ್ ನಕ್ಷೆಯೋ, ಬೋನ್ ನಕ್ಷೆಯೋ, ಬರೀ ಪ್ರಿಂಟೋ?

18ನೇ ಶತಮಾನದ ಫ್ರೆಂಚರು ಬರೆದ ಉತ್ತರ ಅಮೆರಿಕದ ಹಳೇ ನಕ್ಷೆ ಒಂದೇ ಒಂದು ಕೊಳ್ಳುವುದಾದರೆ ಬೆಲ್ಲಿನ್‌ದೇ ಕೊಳ್ಳಿ. ನನ್ನ ಹತ್ತಿರ ಇರುವುದು 1764ರ 'ಪೆಟಿ ಅಟ್ಲಾಸ್ ಮರಿಟೀಮ್' ಎಂಬ ಅವನ ನಕ್ಷೆ ಪುಸ್ತಕದ, ಐದು ದೊಡ್ಡ ಸರೋವರಗಳ ಹಾಳೆ. ನಾನಿರುವ ಮಿಶಿಗನ್ ಅದರಲ್ಲಿದೆ, 1701ರಲ್ಲಿ ಫ್ರೆಂಚರು ಕಟ್ಟಿದ ಡೆಟ್ರಾಯ್ಟ್ ಇದೆ.

ಬೆಲ್ಲಿನ್ ಫ್ರೆಂಚ್ ನೌಕಾಪಡೆಯ ನಕ್ಷೆ ಕಚೇರಿಯಲ್ಲಿದ್ದವನು. ಕೆನಡಾಕ್ಕೆ ಹೋದವನಲ್ಲ. ಹೋಗಿ ಬಂದವರ ಬರಹ ನೋಡಿ ನಕ್ಷೆ ಬರೆಯುತ್ತಿದ್ದ. 1744ರ ನಕ್ಷೆಯಲ್ಲಿ, ಆ ಐದು ಸರೋವರಗಳಲ್ಲಿ ಒಂದಾದ ಲೇಕ್ ಸುಪೀರಿಯರ್ ಒಳಗೆ ಇಲ್ಲದ ದ್ವೀಪಗಳನ್ನು ಹಾಕಿದ. ಒಂದಕ್ಕೆ ನೌಕಾ ಮಂತ್ರಿಯ ಮನೆತನದ ಹೆಸರು, ಫಿಲಿಪೋ. ಜಾನ್ ಮಿಚೆಲ್ ಲಂಡನ್ನಿನಲ್ಲಿ ತಂದ 1755ರ ಉತ್ತರ ಅಮೆರಿಕದ ನಕ್ಷೆಗೂ ಅದು ಬಂತು. ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿಸಿದ 1783ರ ಪ್ಯಾರಿಸ್ ಒಪ್ಪಂದದಲ್ಲಿ ಅಮೆರಿಕದ ಗಡಿ ಆ ದ್ವೀಪದ ಉತ್ತರಕ್ಕೆ ಹೋಗುತ್ತದೆ ಅಂತಲೇ ಬರೆದರು! ಇಂಥದ್ದು ಕೈಯಲ್ಲಿದ್ದರೆ ಎಷ್ಟು ಹೊತ್ತು ನೋಡಿದರೂ ಸಾಲದು.

ಬೋನ್ ಕೂಡ ಫ್ರೆಂಚ್ ನಕ್ಷೆಗಾರ. ನಾನು ತರಿಸಿದ್ದು ಅವನ 1780ರ ಅಟ್ಲಾಸಿನ ಹಾಳೆ. ಗೆರೆ ಅಚ್ಚುಕಟ್ಟು, ಅಕ್ಷರ ಸ್ಪಷ್ಟ, ಬೆಲೆ ಬೆಲ್ಲಿನ್‌ನ ಅರ್ಧಕ್ಕಿಂತ ಕಡಿಮೆ. ತೊಂದರೆ ನಕ್ಷೆಯಲ್ಲಿ ಇರಲಿಲ್ಲ, ಅದರ ಬೆನ್ನಲ್ಲಿತ್ತು. ಫ್ರೇಮ್ ಬಿಚ್ಚಿದರೆ ಹಾಳೆಯನ್ನು ಪೂರ್ತಿ ರಟ್ಟಿಗೆ ಅಂಟಿಸಿದ್ದಾರೆ. ಜಾಹೀರಾತಿನಲ್ಲಿ 'ಒಳ್ಳೆ ಸ್ಥಿತಿ' ಅಂತ ಮಾತ್ರ ಇತ್ತು. ಮಾರಿದವರನ್ನು ಕೇಳಿದರೆ, ಗಟ್ಟಿಯಾಗಿರಲಿ ಅಂತ ಹಿಂದಿನವರು ಅಂಟಿಸಿದ್ದು, ಫ್ರೇಮ್ ಬಿಚ್ಚಿದ ಮೇಲೆ ವಾಪಸ್ ಇಲ್ಲ ಅಂದರು.

ಇದು ಸಣ್ಣ ವಿಷಯ ಅಲ್ಲ. ಆ ಕಾಲದ ಕಾಗದವನ್ನು ಬೆಳಕಿಗೆ ಹಿಡಿದರೆ ಕಾಗದ ಮಾಡಿದ ಜಾಲರಿಯ ಗೆರೆಗಳು ಕಾಣುತ್ತವೆ. ಹಾಳೆ ಅಸಲಿ ಅಂತ ನಂಬಲು ನನಗೆ ಅದು ಬೇಕು. ರಟ್ಟಿದ್ದರೆ ಬೆಳಕೇ ದಾಟುವುದಿಲ್ಲ. ಮೇಲಿಂದ ಅಗ್ಗದ ರಟ್ಟಿನ ಆಮ್ಲ ಕಾಗದಕ್ಕೆ ಇಳಿದು ಕಂದು ಮಾಡುತ್ತದೆ. ಅಂಚು ಆಗಲೇ ಕಂದಾಗಿತ್ತು. ಬಿಡಿಸಲು ಕಾಗದ ಸಂರಕ್ಷಣೆ ಗೊತ್ತಿರುವವರೇ ಬೇಕು. ಅವರು ಹೇಳಿದ ಕೂಲಿ ನಕ್ಷೆಯ ಬೆಲೆಗಿಂತ ಜಾಸ್ತಿ.

ಹಳೇ ನಕ್ಷೆಯ ಸ್ಕ್ಯಾನಿನಿಂದ ಈಗ ತೆಗೆದ ಪ್ರಿಂಟ್ ಗೋಡೆಗೆ ಸಾಕು. ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ದೊಡ್ಡ ಸ್ಕ್ಯಾನ್‌ಗಳು ಪುಕ್ಕಟೆ ಸಿಗುತ್ತವೆ. ಊರ ಹೆಸರು ಓದಲು ಅದೇ ಮೇಲು. ಆದರೆ ಹಳೇ ನಕ್ಷೆಯನ್ನು ಅಚ್ಚು ಹಾಕಿದ ತಾಮ್ರದ ತಗಡು ಕಾಗದದ ಮೇಲೆ ಒತ್ತಿದ ಅಂಚು ಬೆರಳಿಗೆ ಸಿಗುವುದಿಲ್ಲ.

ಬಣ್ಣಕ್ಕೆ ಜಾಸ್ತಿ ದುಡ್ಡು ಕೊಡಬೇಡಿ. ಎಷ್ಟೋ ಸಲ ಅದು ಆಮೇಲೆ ಹಚ್ಚಿದ್ದು.

ನಾನು ನಕ್ಷೆಯನ್ನು ಫೋಲ್ಡರ್‌ನಲ್ಲಿಟ್ಟು, ಆಗಾಗ ತೆಗೆದು, ಕೈಯಲ್ಲಿ ಹಿಡಿದು ನೋಡುವವನು. ವರ್ಷಕ್ಕೆ ಒಂದು ಕೊಳ್ಳುವಷ್ಟೇ ದುಡ್ಡು. ಅದಕ್ಕೇ ಎರಡರಷ್ಟು ಕೊಟ್ಟರೂ ಬೆಲ್ಲಿನ್. ಬೋನ್ ಬೇಕೇ ಬೇಕು ಅನ್ನುವವರು ಫ್ರೇಮ್ ಇಲ್ಲದ ಹಾಳೆ ಹುಡುಕಿ, ದುಡ್ಡು ಕಳಿಸುವ ಮೊದಲೇ ಹಿಂಬದಿಯ ಫೋಟೋ ಕೇಳಿ.